ರೋಲರ್ ಎಳೆದವನ 33 ಪಂದ್ಯಗಳು

ಧಾರವಾಡ ಸೀಮೆಯಿಂದ ಪುಣೆಗೆ ಬಂದು ಹೆಸರು ಮಾಡಿದವರು ಯಾರು ಅಂತ ಕೇಳಿದರೆ ನಾವೆಲ್ಲ ಹೇಳುವುದು ಭೀಮಸೇನ ಜೋಶಿಯವರ ಹೆಸರನ್ನು. ಅವರಿಗೂ ಅರ್ಧ ಶತಮಾನ ಮೊದಲು ಧಾರವಾಡದಲ್ಲಿ ಹುಟ್ಟಿದ ಇನ್ನೊಬ್ಬ ಹುಡುಗ ಈ ಊರಿನ ಕ್ರಿಕೆಟ್ ಮೈದಾನದಲ್ಲಿ ರೋಲರ್ ಎಳೆಯುತ್ತಿದ್ದ. ಹೆಸರು ಪಾಲವಣಕರ ಬಾಳೂ. ಅಪ್ಪ ಸೈನ್ಯದಲ್ಲಿದ್ದರು. ಮನೆತನ ಕೊಂಕಣದ್ದು, ಮನೆಮಾತು ಮರಾಠಿ. ಅದಕ್ಕೇ ಇರಬೇಕು, ನಮ್ಮ ಪಟ್ಟಿಗಳಲ್ಲಿ ಅವರ ಹೆಸರು ಕಾಣುವುದಿಲ್ಲ.

ನಾನು ಕ್ಯಾಂಪ್ ಕಡೆ ಹೋದಾಗಲೆಲ್ಲ ಬಂಡ್ ಗಾರ್ಡನ್ ರಸ್ತೆಯ ಪೂನಾ ಕ್ಲಬ್ ಮೈದಾನ ಕಣ್ಣಿಗೆ ಬೀಳುತ್ತದೆ. 1892ರ ಸುಮಾರಿಗೆ ಪೂನಾ ಕ್ಲಬ್ಬಿನಲ್ಲಿ ಬಾಳೂ ಅವರಿಗೆ ತಿಂಗಳಿಗೆ ನಾಲ್ಕು ರೂಪಾಯಿ ಸಂಬಳ. ಪಿಚ್ ಗುಡಿಸಬೇಕು, ನೆಟ್ ಕಟ್ಟಬೇಕು, ಸಾಹೇಬರ ಅಭ್ಯಾಸಕ್ಕೆ ಚೆಂಡು ಎಸೆಯಬೇಕು. ಗ್ರೆಗ್ ಎಂಬ ಸೇನಾಧಿಕಾರಿ ಇವರ ಎಡಗೈ ಸ್ಪಿನ್ನಿಗೆ ಗಂಟೆಗಟ್ಟಲೆ ಆಡುತ್ತಿದ್ದ. ಒಂದು ಸಲ ಔಟ್ ಮಾಡಿದರೆ ಎಂಟಾಣೆ ಕೊಡುತ್ತಿದ್ದನೆಂಬ ಕಥೆ ಇದೆ. ಲೆಕ್ಕ ಹಾಕಿ: ಎಂಟು ವಿಕೆಟ್ ಅಂದರೆ ಒಂದು ತಿಂಗಳ ಸಂಬಳ! ಆದರೆ ಅಲ್ಲಿ ಯಾರೂ ಅವರ ಕೈಗೆ ಬ್ಯಾಟ್ ಕೊಡಲಿಲ್ಲ. ಬ್ಯಾಟಿಂಗ್ ದೊರೆಗಳದ್ದು, ಬೌಲಿಂಗ್ ಆಳುಗಳದ್ದು.

ಸಾಹೇಬರನ್ನು ಸೋಲಿಸಬೇಕೆಂಬ ಹಟ ಪುಣೆಯ ಹಿಂದೂ ತಂಡಕ್ಕಿತ್ತು. ಹಾಗಾಗಿ ಬಾಳೂ ಬೇಕಾದರು. ಆದರೆ ಅವರು ಚರ್ಮಕಾರ ಸಮುದಾಯದವರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಮೇಲುಜಾತಿಯವರೂ ಹಿಡಿಯುತ್ತಿದ್ದರು. ಚಹಾ ವಿರಾಮ ಬಂತೋ, ಅವರಿಗೆ ಪೆವಿಲಿಯನ್ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಚೆಂಡಿಗಿಲ್ಲದ ಮೈಲಿಗೆ ಕಪ್ಪಿಗೆ ಎಲ್ಲಿಂದ ಬಂತು ಅಂತ ಯಾರೂ ಕೇಳಿಕೊಂಡಂತಿಲ್ಲ.

ಆಮೇಲೆ ಮುಂಬೈ. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿತು. ದಾಖಲೆಗಳ ಪ್ರಕಾರ ಬಾಳೂ ಅವರ ಪ್ರಥಮ ದರ್ಜೆ ಜೀವನ ಶುರುವಾಗುವುದೇ ಅಲ್ಲಿಂದ. ಆಗಲೇ ವಯಸ್ಸು ಮೂವತ್ತರ ಹತ್ತಿರ. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ತಂಡ ಸೋತಿದ್ದೇ ಹೆಚ್ಚು. ಬಾಳೂ ಮಾತ್ರ 114 ವಿಕೆಟ್ ಕಿತ್ತರು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನ್ನಿಂಗ್ಸಿನಲ್ಲಿ ಎಂಟು! ಇಂಗ್ಲೆಂಡಿನಲ್ಲಿ ಅವರಿಗೆ ಸಿಕ್ಕಿದ್ದು ಅದೊಂದೇ ಬೇಸಿಗೆ.

ಪ್ರಥಮ ದರ್ಜೆಯಲ್ಲಿ ಒಟ್ಟು 33 ಪಂದ್ಯ, 179 ವಿಕೆಟ್, ಸರಾಸರಿ ಹದಿನೈದು ಚಿಲ್ಲರೆ. 1920ರ ಹೊತ್ತಿಗೆ ಎಲ್ಲ ಮುಗಿದಿತ್ತು. ಇಷ್ಟು ಕಡಿಮೆ ಪಂದ್ಯಗಳಲ್ಲಿ ಇಷ್ಟು ಮಾಡಿದವರನ್ನು ಹಿಂದೂ ತಂಡಕ್ಕೆ ನಾಯಕನನ್ನಾಗಿ ಮಾಡಲೇ ಇಲ್ಲ. ಅವರ ಹಕ್ಕಿಗಾಗಿ 1920ರಲ್ಲಿ ತಮ್ಮಂದಿರಾದ ಶಿವರಾಮ್ ಮತ್ತು ವಿಠ್ಠಲ್ ತಂಡದಿಂದ ಹೊರಗುಳಿದು ಪ್ರತಿಭಟಿಸಿದರು. ಮೂರು ವರ್ಷಗಳ ನಂತರ ಆ ಪಟ್ಟ ವಿಠ್ಠಲ್‌ಗೆ ಸಿಕ್ಕಿತು.

ಬಾಳೂ ಅವರ ಹೆಸರು ಪುಣೆಯಲ್ಲಿ ಇನ್ನೊಂದು ಕಡೆಯೂ ಇದೆ. 1932ರ ಸೆಪ್ಟೆಂಬರಿನಲ್ಲಿ ಯರವಡಾ ಜೈಲಿನಲ್ಲಿ ಆದ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಡಾ. ಅಂಬೇಡ್ಕರ್ ವಿರುದ್ಧವೇ ನಿಲ್ಲಿಸಿತು. ಸುಮಾರು ಎರಡು ಸಾವಿರ ಮತಗಳಿಂದ ಸೋತರು. 1955ರಲ್ಲಿ ಅವರು ತೀರಿಕೊಂಡಾಗ, ಹಿಂದೂ ತಂಡದ ಜೊತೆ ಅವರು ಆಡುತ್ತಿದ್ದ ಧರ್ಮವಾರು ಟೂರ್ನಿಯೇ ನಿಂತು ಸುಮಾರು ಹತ್ತು ವರ್ಷವಾಗಿತ್ತು.