ಗಾಳಿ ಹೋದರೂ ಓಡುವ ಟೈರು, ಕೈಗೆ ಸಿಗದ ವಾರಂಟಿ

ನಮ್ಮ ಕಡೆ ಹೊಸ ಕಾರು ತಂದರೆ ಹಿರಿಯರು ಡಿಕ್ಕಿ ತೆಗೆಸಿ ಮೊದಲು ಕೇಳೋದು, “ಸ್ಟೆಪ್ನಿ ಎಲ್ಲೈತಿ?” ಅಂತ. ಈಗ ಕೆಲವು ಕಾರುಗಳಲ್ಲಿ ಅದಕ್ಕೆ ಜಾಗವೇ ಇರಲ್ಲ. 2020ರ ಜುಲೈಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ನಿಯಮ ಬದಲಿಸಿತು: ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತೋರಿಸುವ ಟಿಪಿಎಂಎಸ್ ಮತ್ತು ಪಂಕ್ಚರ್ ಕಿಟ್ ಇದ್ದರೆ 3.5 ಟನ್ ಒಳಗಿನ ಪ್ಯಾಸೆಂಜರ್ ಗಾಡಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಆದರೆ ಬಿಎಂಡಬ್ಲ್ಯು ಅದಕ್ಕೂ ಬಹಳ ಮೊದಲೇ ತನ್ನ ಹಲವು ಕಾರುಗಳಿಗೆ ಕಾರ್ಖಾನೆಯಲ್ಲೇ ರನ್‌ಫ್ಲಾಟ್ ಟೈರು ಹಾಕಿ ಸ್ಟೆಪ್ನಿ ತೆಗೆದುಬಿಟ್ಟಿತ್ತು.

ರನ್‌ಫ್ಲಾಟ್ ಅಂದರೆ ಪಂಕ್ಚರ್ ಆಗದ ಟೈರು ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಇದಕ್ಕೂ ಮೊಳೆ ಚುಚ್ಚುತ್ತದೆ, ಗಾಳಿ ಹೋಗುತ್ತದೆ. ವ್ಯತ್ಯಾಸ ಗಾಳಿ ಹೋದ ಮೇಲೆ.

ಸಾಮಾನ್ಯ ಟೈರಿನಲ್ಲಿ ಭಾರ ಹೊರೋದು ಹೆಚ್ಚುಕಡಿಮೆ ಪೂರ್ತಿ ಗಾಳಿಯೇ. ಕಾರು 1,600 ಕೆ.ಜಿ. ಇದ್ದರೆ ಒಂದು ಚಕ್ರಕ್ಕೆ 400 ಕೆ.ಜಿ. ಗಾಳಿ 33 ಪಿಎಸ್‌ಐ, ಅಂದರೆ ಸುಮಾರು 2.3 ಬಾರ್. ಬಲವನ್ನು ಒತ್ತಡದಿಂದ ಭಾಗಿಸಿ ನೋಡಿ, ನೆಲ ಮುಟ್ಟುವ ಜಾಗ ಸುಮಾರು 170 ಚದರ ಸೆಂ.ಮೀ. ಬೆರಳು ಚಾಚಿದ ಒಂದು ಅಂಗೈಯಷ್ಟು, ಅಷ್ಟೇ! ಗಾಳಿ ಹೋದರೆ ತೆಳುವಾದ ಸೈಡ್‌ವಾಲ್ ಮಡಚಿ, ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ ಹರಿದುಹೋಗುತ್ತದೆ.

ರನ್‌ಫ್ಲಾಟ್‌ನ ಸೈಡ್‌ವಾಲ್ ಒಳಗೆ ಶಾಖ ತಡೆಯುವ ಗಟ್ಟಿ ರಬ್ಬರಿನ ದಪ್ಪ ಪದರ ಇರುತ್ತದೆ. ಗಾಳಿ ಇಲ್ಲದಾಗ ಭಾರ ಅದರ ಮೇಲೆ ಬೀಳುತ್ತದೆ. ಆದರೆ ಚಕ್ರ ಒಂದು ಸುತ್ತು ತಿರುಗಿದಾಗಲೆಲ್ಲ ಆ ರಬ್ಬರು ಒಮ್ಮೆ ಬಾಗಿ ನೆಟ್ಟಗಾಗಬೇಕು. ಬಾಗುವಾಗ ಕೊಟ್ಟ ಶಕ್ತಿ ಪೂರ್ತಿ ವಾಪಸ್ ಬರಲ್ಲ, ಉಳಿದದ್ದು ಶಾಖವಾಗುತ್ತದೆ. ನಮಗೆ ಪಾಠದಲ್ಲಿ ಬಂದ ಹಿಸ್ಟೆರಿಸಿಸ್ ಲೂಪ್ ಇದೇ. ಗ್ರಾಫಿನಲ್ಲಿ ನೋಡಿದಾಗ ಬೋರು, ಟೈರಿನಲ್ಲಿ ದುಡ್ಡಿನ ಪ್ರಶ್ನೆ. ಶಾಖ ಒಂದು ಮಿತಿ ದಾಟಿದರೆ ರಬ್ಬರು ಒಳಗೇ ಕಿತ್ತುಬರುತ್ತದೆ. ಅದಕ್ಕೇ ಕಂಪನಿಗಳು ಸಾಮಾನ್ಯವಾಗಿ ಒಂದು ಮಿತಿ ಹೇಳುತ್ತವೆ: ಗಂಟೆಗೆ 80 ಕಿ.ಮೀ. ವೇಗ ಮೀರಬೇಡಿ, 80 ಕಿ.ಮೀ. ದೂರ ಮೀರಬೇಡಿ. ಸೀಟು ತುಂಬ ಜನ, ಡಿಕ್ಕಿ ತುಂಬ ಸಾಮಾನು ಇದ್ದರೆ ದೂರ ಇನ್ನೂ ಕಡಿಮೆ.

ಯುರೋಪಿನಲ್ಲಿ 80 ಕಿ.ಮೀ. ಒಳಗೆ ಯಾವುದೋ ಒಂದು ಟೈರು ಅಂಗಡಿ ಸಿಕ್ಕೇ ಸಿಗುತ್ತದೆ. ಆ ಲೆಕ್ಕವನ್ನು ನಮ್ಮ ರಾಷ್ಟ್ರೀಯ ಹೆದ್ದಾರಿ 48ಕ್ಕೆ ಹಾಕಿ ನೋಡೋಣ. ಈ ಟೈರು ಸಿಗಬಹುದಾದ ದೊಡ್ಡ ಊರು ಅಂದರೆ ಹುಬ್ಬಳ್ಳಿ. ಹಾವೇರಿಯಿಂದ ಸುಮಾರು 75 ಕಿ.ಮೀ., ಅಂದರೆ ಮಿತಿಯ ಅಂಚಿಗೆ. ಬ್ಯಾಡಗಿಯಿಂದ ಹೊರಟರೆ ಮಿತಿ ದಾಟಿತು. ರಾಣೆಬೆನ್ನೂರಿನಿಂದ ನೂರಕ್ಕೂ ಹೆಚ್ಚು. ರಾಣೆಬೆನ್ನೂರಿನವರಿಗೆ ದಾವಣಗೆರೆ ಹತ್ತಿರ, ಆದರೆ ಅಲ್ಲಿ ನಿಮ್ಮ ಸೈಜು ಇರಬೇಕಲ್ಲ?

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನಮ್ಮ ಮಾವ ಸಿಕ್ಕಿಬಿದ್ದದ್ದು ಇಲ್ಲೇ. ಎರಡು ವರ್ಷ ಹಳೆಯ ಒಂದು ಜರ್ಮನ್ ಕಾರು ಸೆಕೆಂಡ್ ಹ್ಯಾಂಡ್ ತಗೊಂಡಿದ್ದರು. ದಾವಣಗೆರೆಯ ಮದುವೆ ಮುಗಿಸಿ ರಾತ್ರಿ ಅತ್ತೆ ಜೊತೆ ಬರುವಾಗ, ರಾಣೆಬೆನ್ನೂರು ದಾಟಿದ ಮೇಲೆ ಗುಂಡಿಗೆ ಇಳಿಯಿತು. ಮೀಟರಿನಲ್ಲಿ ಕೆಂಪು ದೀಪ. “ಗಾಳಿ ಇಲ್ಲ ಅಂತ ತೋರಸ್ತೈತಿ, ಗಾಡಿ ಮಾತ್ರ ಓಡ್ತೈತಿ” ಅಂತ ಫೋನ್ ಮಾಡಿದ್ದರು. ಮನೆ ಮುಟ್ಟಿದರು. ಕತ್ತಲಲ್ಲಿ ಲಾರಿಗಳ ಪಕ್ಕ ಕೂತು ಜಾಕ್ ಹಾಕೋ ಕೆಲಸ ತಪ್ಪಿತು. ಟೈರು ತನ್ನ ಕೆಲಸ ಪೂರ್ತಿ ಮಾಡಿತು ಅಂತಲೇ ನಾನು ಹೇಳೋದು. ಮರುದಿನ ಅದೇ ಟೈರಿನಲ್ಲಿ ಹುಬ್ಬಳ್ಳಿಗೆ ಹೋದರು. ಅಲ್ಲಿ ಬಿಚ್ಚಿದಾಗ ಒಳಗೆ ಕರಿ ರಬ್ಬರ್ ಪುಡಿ, ಸೈಡ್‌ವಾಲ್ ಒಳಮೈ ಸುಕ್ಕು. ಕ್ಲೇಮ್ ರಿಜೆಕ್ಟ್. “ಒರಿಜಿನಲ್ ಟೈರು, ಗಾಡಿಗೆ ವಾರಂಟಿ ಐತಿ, ಯಾಕ ಕೊಡಂಗಿಲ್ಲ?” ಅನ್ನೋದು ಮಾವನ ಪ್ರಶ್ನೆ.

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮಾತ್ರ ಮೂರು ಬೇರೆ ಬೇರೆ ಕಾಗದಗಳಲ್ಲಿ ಹಂಚಿಹೋಗಿದೆ.

ಕಾರಿನ ವಾರಂಟಿ ಪುಸ್ತಕದಲ್ಲಿ ಸಾಮಾನ್ಯವಾಗಿ ಟೈರು ಸೇರಿರಲ್ಲ. ಕಾರಿನ ಜೊತೆಗೇ ಬಂದಿದ್ದರೂ ಅದರ ಹೊಣೆ ಟೈರು ಕಂಪನಿಯದು. ಟೈರು ಕಂಪನಿ ವಾರಂಟಿ ಕೊಡೋದು ತಯಾರಿಕೆಯ ದೋಷಕ್ಕೆ ಮಾತ್ರ. ಮೊಳೆ, ಕಲ್ಲಿನ ಏಟು, ಗುಂಡಿಗೆ ಬಿದ್ದು ಸೈಡ್‌ವಾಲ್ ಉಬ್ಬಿದ್ದು, ಗಾಳಿ ಇಲ್ಲದೆ ಓಡಿಸಿದ್ದು, ಇವೆಲ್ಲ ಹೊರಗೆ. ಅಂದರೆ ಯಾವ ಕೆಲಸಕ್ಕೆ ಈ ಟೈರು ಮಾಡಿದ್ದಾರೋ ಆ ಕೆಲಸ ಮಾಡಿ ಹಾಳಾದರೆ ಅದು ದೋಷವಲ್ಲ! ತರ್ಕ ಸರಿಯೇ ಇದೆ, ಕೇಳಿದರೆ ಸಿಟ್ಟು ಬರುತ್ತದೆ.

ದೋಷ ಒಪ್ಪಿಕೊಂಡರೂ ಪೂರ್ತಿ ಟೈರು ಪುಕ್ಕಟೆ ಅಲ್ಲ. ಹೊಸದರಲ್ಲಿ ಟ್ರೆಡ್ ಆಳ 8 ಮಿ.ಮೀ., ಬದಲಿಸಲೇಬೇಕಾದ ಮಿತಿ 1.6 ಅಂತ ಇಟ್ಟುಕೊಳ್ಳಿ. ಬಳಸಲು ಸಿಗೋದು 6.4. ಈಗ 4.8 ಇದ್ದರೆ ಉಳಿದದ್ದು 3.2, ಅರ್ಧ. ಸವೆದ ಅರ್ಧದ ದುಡ್ಡು ನಿಮ್ಮದು.

ಮೂರನೆಯದು ಇನ್ಶೂರೆನ್ಸ್. ನಮ್ಮ ದೇಶದ ಸ್ಟ್ಯಾಂಡರ್ಡ್ ಪ್ಯಾಕೇಜ್ ಪಾಲಿಸಿಯಲ್ಲಿ ಟೈರಿಗೆ ಹಾನಿಯಾದಾಗ ಅದೇ ಹೊತ್ತಿಗೆ ಗಾಡಿಗೂ ಹಾನಿ ಆಗಿದ್ದರೆ ಮಾತ್ರ ದುಡ್ಡು, ಅದೂ ಬದಲಿ ಬೆಲೆಯ 50%ಗೆ ಸೀಮಿತ. ಬರೀ ಟೈರು ಹೋದರೆ ಏನೂ ಇಲ್ಲ. ಟೈರಿಗೇ ಅಂತ ಬೇರೆ ಆ್ಯಡ್-ಆನ್ ಸಿಗುತ್ತದೆ. ರನ್‌ಫ್ಲಾಟ್ ಇರುವವರು ಹಾಕಿಸಿಕೊಳ್ಳೋದು ಒಳ್ಳೇದು, ಆದರೆ ಪಂಕ್ಚರ್ ಸೇರಿದೆಯಾ, ಉಬ್ಬು ಸೇರಿದೆಯಾ ಅಂತ ಸಹಿಗೆ ಮೊದಲೇ ಓದಬೇಕು. ಮಾವ ಹಾಕಿಸಿರಲಿಲ್ಲ. ಮಾರಿದವರು ಇದು ರನ್‌ಫ್ಲಾಟ್ ಅಂತಲೇ ಹೇಳಿರಲಿಲ್ಲ. ನನ್ನ ಪ್ರಕಾರ ದೊಡ್ಡ ತಪ್ಪು ಅದೇ.

“ಪಂಚರ್ ಹಾಕ್ಸಿದ್ರ ಮುಗೀತಲ್ಲ” ಅಂತ ಕೇಳಬಹುದು. ಗಾಳಿ ಪೂರ್ತಿ ಹೋಗುವ ಮೊದಲೇ ನಿಲ್ಲಿಸಿದ್ದರೆ, ತೂತು ಟ್ರೆಡ್ಡಿನಲ್ಲಿದ್ದರೆ, ಕೆಲವು ಕಂಪನಿಗಳು ರಿಪೇರಿಗೆ ಒಪ್ಪುತ್ತವೆ. ಗಾಳಿ ಇಲ್ಲದೆ ಓಡಿದ ಟೈರಿಗೆ ಬೇಡ. ಒಳಗಿನ ಗಾಯ ಹೊರಗಿನಿಂದ ಕಾಣಲ್ಲ. ರಸ್ತೆ ಬದಿ ಅಂಗಡಿಯಲ್ಲಿ ಕಬ್ಬಿಣದ ರಾಡ್ ಹಾಕಿ ಎಬ್ಬಿಸಲು ಬಿಡಬೇಡಿ. ಸೈಡ್‌ವಾಲ್ ಗಟ್ಟಿ ಇರೋದರಿಂದ ಬಿಚ್ಚಲು ಸರಿಯಾದ ಮಷಿನ್ ಬೇಕು, ಇಲ್ಲದಿದ್ದರೆ ಅಂಚೂ ಹೋಗುತ್ತದೆ, ಸೆನ್ಸರೂ ಹೋಗಬಹುದು.

ನಾಲ್ಕೂ ಸಾಮಾನ್ಯ ಟೈರು ಹಾಕಿಸಿ ಆರಾಮಾಗಿರುವವರೂ ಇದ್ದಾರೆ. ಸವಾರಿ ಮೆತ್ತಗಾಗುತ್ತದೆ, ಖರ್ಚೂ ಕಡಿಮೆ. ಆದರೆ ಎರಡು ಅದು, ಎರಡು ಇದು ಬೇಡ. ಲೋಡ್ ಇಂಡೆಕ್ಸ್, ಸ್ಪೀಡ್ ರೇಟಿಂಗ್ ಕಡಿಮೆ ಆಗಬಾರದು. ಡಿಕ್ಕಿಯಲ್ಲಿ ಗಾಳಿ ಪಂಪು, ಕಿಟ್ ಇರಲೇಬೇಕು. ಸಸ್ಪೆನ್ಷನ್ ವಾರಂಟಿಗೆ ತೊಂದರೆ ಇಲ್ಲ ಅಂತ ಡೀಲರ್ ಹತ್ತಿರ ಬರವಣಿಗೆಯಲ್ಲಿ ತಗೊಳ್ಳಿ.

ಕ್ಲೇಮ್ ತಿರಸ್ಕರಿಸಿದರೂ ಅಷ್ಟೇ, ಬಾಯಿಮಾತು ಸಾಕಾಗಲ್ಲ. ಕಾರಣ ಬರೆದ ಇನ್ಸ್‌ಪೆಕ್ಷನ್ ರಿಪೋರ್ಟ್ ಕೇಳಿ. ಟೈರು ಬಿಚ್ಚುವಾಗ ಎದುರಿಗೆ ನಿಂತು ಒಳಮೈ ಫೋಟೋ ತೆಗೆಯಿರಿ. ನಿಜವಾಗಿ ತಯಾರಿಕೆ ದೋಷ ಅನ್ನಿಸಿದರೆ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಕಾಯ್ದೆಯಡಿ ನೀವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ. ಹಾವೇರಿಯವರು ಬೆಂಗಳೂರಿಗೆ ಅಲೆಯಬೇಕಿಲ್ಲ.

ಮನೆಯವರು ಹಳೆ ಕಾರು ನೋಡಲು ನಿಮ್ಮನ್ನು ಕರೆದುಕೊಂಡು ಹೋದರೆ (ಇಂಜಿನಿಯರಿಂಗ್ ಓದ್ತಾನೆ ಅಂತ ಕರೀತಾರೆ, ಗೊತ್ತಲ್ಲ) ನಾಲ್ಕೂ ಸೈಡ್‌ವಾಲ್ ಓದಿ. ಆರ್‌ಎಫ್‌ಟಿ, ಆರ್‌ಒಎಫ್, ಎಸ್‌ಎಸ್‌ಆರ್, ಝಡ್‌ಪಿ, ಇವೆಲ್ಲ ಬೇರೆ ಬೇರೆ ಕಂಪನಿಗಳ ರನ್‌ಫ್ಲಾಟ್ ಗುರುತು. ನಕ್ಷತ್ರ ಇದ್ದರೆ ಬಿಎಂಡಬ್ಲ್ಯು ಒಪ್ಪಿದ ಟೈರು, ಎಂಒಇ ಇದ್ದರೆ ಮರ್ಸಿಡಿಸ್‌ನ ರನ್‌ಫ್ಲಾಟ್. ಡಾಟ್ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ: 2319 ಅಂದರೆ 2019ರ 23ನೇ ವಾರ. ನಾಲ್ಕರಲ್ಲೂ ಒಂದೇ ಗುರುತು ಇಲ್ಲದಿದ್ದರೆ ಯಾಕೆ ಅಂತ ಕೇಳಿ, ಆಮೇಲೆ ರೇಟಿನ ಮಾತು.