ಕೈ ಕೊಟ್ಟವಳ ಮೇಲೆ ಹಾಡು, ಕಡೇ ಚರಣದಲ್ಲಿ ಊರಿನ ಹೆಸರು

ಮೊದಲ ಚರಣದಲ್ಲಿ ಹುಡುಗನ ನಾಲ್ಕೆಕರೆ ಹೊಲ ಬರುತ್ತದೆ, ಅದರ ಮೇಲಿನ ಸೊಸೈಟಿ ಸಾಲವೂ ಬರುತ್ತದೆ. ಎರಡನೆಯದರಲ್ಲಿ ಮದುಮಗನ ಸರ್ಕಾರಿ ನೌಕರಿ, ಹುಬ್ಬಳ್ಳಿಯಲ್ಲಿ ಕಟ್ಟಿಸಿದ ಮನೆ, ಬಿಳಿ ಕಾರು. ಮೂರನೆಯದರಲ್ಲಿ ಹುಡುಗಿಯ ಅಪ್ಪ ಹಾಕಿದ ಬಂಗಾರ ಎಷ್ಟು ತೊಲೆ ಎಂಬ ವಿವರ. ಹುಡುಗಿಯ ಕಣ್ಣು, ಮುಡಿ, ನಗೆ ಯಾವುದರ ಸುದ್ದಿಯೂ ಇಲ್ಲ. ಆದರೂ ಇದು ಪ್ರೀತಿಯ ಹಾಡು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಮೊಬೈಲ್ ಹಿಡಿದವರಿಗೆಲ್ಲ ಗೊತ್ತಿರುವ ‘ಲವ್ ಫೀಲಿಂಗ್ ಸಾಂಗ್’. ಕೈ ಕೊಟ್ಟ ಹುಡುಗಿಯ ಮೇಲೆ ಕಟ್ಟಿದ ಡಿಜೆ ಜಾನಪದ.

ಇಂಥ ಹಾಡುಗಳೆಂದರೆ ನನಗೆ ಮೊದಲಿನಿಂದಲೂ ಪ್ರೀತಿ. ಭಾವಗೀತೆಯ ಗೆಳೆಯರ ನಡುವೆ ಹಾಗೆ ಹೇಳಲು ಸ್ವಲ್ಪ ಧೈರ್ಯ ಬೇಕು. ಈಚೆಗೆ ಒಂದು ಹಾಡು ತಯಾರಾಗುವುದನ್ನು ಕಣ್ಣಾರೆ ಕಂಡ ಮೇಲೆ ಧೈರ್ಯ ತಾನಾಗಿ ಬಂದಿದೆ.

ಮಹಾಲಿಂಗಪುರದಿಂದ ಮುಧೋಳದ ಕಡೆ ಹೋಗುವ ರಸ್ತೆಯಲ್ಲಿ, ಟ್ರ್ಯಾಕ್ಟರ್ ಸಾಮಾನು ಮಾರುವ ಅಂಗಡಿಯೊಂದರ ಮಹಡಿಯಲ್ಲಿ ಆ ಸ್ಟುಡಿಯೊ. ಕಬ್ಬಿನ ಬಿಲ್ಲಿನ ಬಗ್ಗೆ ರೈತರನ್ನು ಮಾತಾಡಿಸಲು ಹೋದವನು ಚಹಾ ಕುಡಿಯುತ್ತ ನಿಂತಿದ್ದಾಗ ಮೇಲಿನಿಂದ ಒಂದೇ ಸಾಲು ಮತ್ತೆ ಮತ್ತೆ ಕೇಳಿಸಿತು. ಗ್ಲಾಸು ಇಟ್ಟು ಮೆಟ್ಟಿಲು ಹತ್ತಿದೆ. ಚಿಕ್ಕ ಕೋಣೆ. ಗೋಡೆಗೆಲ್ಲ ಮೊಟ್ಟೆಯ ಟ್ರೇ ಬಡಿದು ಕಪ್ಪು ಬಣ್ಣ ಹೊಡೆದಿದ್ದಾರೆ. ಗಾಜಿನ ಆಚೆ ಹಾಡುವವನು ನಿಲ್ಲುವಷ್ಟೇ ಜಾಗ, ಈಚೆ ಕಂಪ್ಯೂಟರ್, ಕೀಬೋರ್ಡ್, ರಿದಮ್ ಪ್ಯಾಡ್. ರೆಕಾರ್ಡಿಂಗ್ ಶುರುವಾದರೆ ಫ್ಯಾನ್ ಬಂದ್. ಮೈಕು ಅದರ ಸದ್ದನ್ನೂ ಹಿಡಿಯುತ್ತದೆ. ಕಬ್ಬು ನುರಿಸುವ ಹಂಗಾಮು ಬೇರೆ. ಕೆಳಗೆ ಎರಡೆರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರುಗಳು ಹೋಗುತ್ತಲೇ ಇರುತ್ತವೆ, ಒಂದೊಂದರಲ್ಲೂ ಎದೆ ನಡುಗಿಸುವ ಬಾಕ್ಸು. ಒಂದು ಬಂದರೆ ಟೇಕ್ ಹೋಯಿತೆಂದೇ ಲೆಕ್ಕ. ಹಾಗೆ ಒಂದು ಟೇಕ್ ಕೆಡಿಸಿ ಹೋದ ಟ್ರ್ಯಾಕ್ಟರಿನಲ್ಲಿ ಬಾರಿಸುತ್ತಿದ್ದದ್ದು ಇದೇ ಕೋಣೆಯಲ್ಲಿ ಹಿಂದಿನ ವರ್ಷ ರೆಕಾರ್ಡ್ ಆದ ಹಾಡು. ಸೌಂಡ್ ನೋಡುವ ಹುಡುಗನಿಗೆ ಸಿಟ್ಟು ಬರಲಿಲ್ಲ. ಕಿವಿಗೊಟ್ಟು ಕೇಳಿ, ‘ಬೇಸ್ ಚಲೋ ಬಂದೈತಿ’ ಅಂದ.

ಹಾಡು ಬರೆಸಲು ಬಂದವನು ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸಿನ ಹುಡುಗ. ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೆಲ ನೋಡುತ್ತಿದ್ದ. ಮಾತೆಲ್ಲ ಜೊತೆಗೆ ಬಂದ ದೋಸ್ತನದು. ಸಾಹಿತ್ಯ ಬರೆಯುವವರು ನಡುವಯಸ್ಸಿನವರು, ಹಗಲು ಕಿರಾಣಿ ಅಂಗಡಿ ನಡೆಸುತ್ತಾರೆ. ಉದ್ದನೆಯ ಲೆಕ್ಕದ ಪುಸ್ತಕದಲ್ಲೇ ಹಾಡು ಬರೆಯುವುದು. ಅವರು ಡಾಕ್ಟರು ಕೇಳಿದ ಹಾಗೆ ಒಂದೊಂದೇ ಕೇಳುತ್ತ ಹೋದರು. ಎಷ್ಟು ವರ್ಷದ ಲವ್? ಕಾಲೇಜಿನಾಗೋ, ಬಸ್ಸಿನಾಗೋ? ಮದುವೆ ಆತೋ, ಇನ್ನ ಐತೋ? ಗಂಡಿಗೆ ಏನ್ ನೌಕರಿ?

‘ಹೆಸರು ಹಾಕ್ರಿ ಅಣ್ಣಾ, ಊರಿಗೆಲ್ಲ ಗೊತ್ತಾಗಲಿ’ ಎಂದ ದೋಸ್ತ.

‘ಹೆಸರು ಬ್ಯಾಡ, ಮೊದಲನೇ ಅಕ್ಷರನೂ ಬ್ಯಾಡ. ನಾಳೆ ಆಕಿ ಅಣ್ಣ ಬಂದು ನನ್ನ ಅಂಗಡಿ ಮುಂದ ನಿಂತರ? ಗೆಳತಿ ಅಂದ್ರ ಸಾಕು.’

‘ಹಾಡಿನಾಗ ಅಳೂದೋ, ಬೈಯೂದೋ?’ ಎಂದು ಮುಂದಿನ ಪ್ರಶ್ನೆ. ಹುಡುಗ ಮೊದಲ ಬಾರಿ ತಲೆ ಎತ್ತಿದ. ‘ಎರಡೂ ಮಾಡ್ರಿ ಅಣ್ಣಾ. ಮೊದಲ ಅಳೂದು, ಆಮ್ಯಾಲ ಬೈಯೂದು.’

ಮೇಷ್ಟ್ರು (ಎಲ್ಲರೂ ಅವರನ್ನು ಹಾಗೇ ಕರೆಯುವುದು) ಬೆರಳಿನಿಂದ ಮೇಜು ಬಾರಿಸುತ್ತ ಗೆರೆ ಎಳೆದು ಗೆರೆ ಎಳೆದು ಬರೆದರು. ಮೂರು ಚರಣಕ್ಕೆ ಅರ್ಧ ಗಂಟೆ ಹಿಡಿಯಲಿಲ್ಲ. ನನ್ನ ಕಣ್ಣರಳಿದ್ದು ನಾಲ್ಕನೆಯದಕ್ಕೆ. ಅಲ್ಲಿ ಅವರ ಪೆನ್ನು ನಿಂತಿತು. ಮೇಜು ಬಾರಿಸುವ ಲಯ ಬದಲಾಯಿತು. ಒಂದು ಊರಿನ ಹೆಸರು ಬರೆದರು, ಹೊಡೆದುಹಾಕಿದರು, ಸಾಲಿನ ಹಿಂದಕ್ಕೆ ತಂದರು, ಮತ್ತೆ ಮುಂದಕ್ಕೆ ಒಯ್ದರು. ಕಡೆಯ ಚರಣದಲ್ಲಿ ಸಾಹಿತ್ಯ ಬರೆದವರ ಊರು, ಹೆಸರು ಬರಬೇಕು, ಹಾಡಿದವನ ಊರು, ಹೆಸರು ಬರಬೇಕು, ಸಂಗೀತ ಕೊಟ್ಟವನದೂ ಬರಬೇಕು, ಸ್ಟುಡಿಯೊದವರು ಬಿಟ್ಟಾರೆಯೆ? ಇಷ್ಟನ್ನೂ ನಾಲ್ಕು ಸಾಲಿನಲ್ಲಿ ಪ್ರಾಸ ಕೆಡದಂತೆ ಕೂರಿಸಬೇಕು. ‘ಇದ ನೋಡ್ರಿ ಸರ ಖರೇ ಕೆಲಸ. ನಮ್ಮೂರ ಹೆಸರು ಉದ್ದ ಐತ್ರಿ, ಎಲ್ಲಿ ಇಟ್ಟರೂ ಕಾಲು ಹೊರಗ ಬರತಾವು’ ಎಂದು ನಕ್ಕರು.

ಇದನ್ನು ಯೋಚಿಸಿದಷ್ಟೂ ನನಗೆ ವಿಚಿತ್ರ ಎನಿಸುತ್ತದೆ. ಒಬ್ಬ ಮೂರು ಚರಣ ಪೂರ್ತಿ ಎದೆ ಒಡೆದುಕೊಂಡು ಅಳುತ್ತಾನೆ, ಸಾಯುತ್ತೇನೆ ಅನ್ನುತ್ತಾನೆ, ನಾಲ್ಕನೆಯದರಲ್ಲಿ ಇದ್ದಕ್ಕಿದ್ದಂತೆ ತನ್ನ ವಿಳಾಸ ಹೇಳುತ್ತಾನೆ. ಕೇಳುವವರಿಗೆ ಅದು ಅಡ್ಡಿಯಲ್ಲ. ಊರಿನ ಹೆಸರು ಬಂದಾಗಲೇ ಜಾತ್ರೆಯಲ್ಲಿ ಸಿಳ್ಳೆ ಹೆಚ್ಚು. ಶರಣರ ಅಂಕಿತ, ದಾಸರ ಮುದ್ರಿಕೆ, ಶಿಶುನಾಳ ಶರೀಫರ ಪದಗಳ ಕೊನೆಯ ಶಿಶುನಾಳಧೀಶ ಎಲ್ಲರಿಗೂ ಗೊತ್ತು. ಅಲ್ಲಿ ಹಾಡಿನವನು ಕೊನೆಗೆ ದೇವರ ಹೆಸರಿನಲ್ಲಿ ತಾನು ಕರಗಿಹೋಗುತ್ತಾನೆ. ಲಾವಣಿಕಾರನ ಜಾಯಮಾನ ಬೇರೆ. ಅವನಿಗೆ ಊರು ಹೇಳಬೇಕು, ಊರ ದೇವರನ್ನು ಹೇಳಬೇಕು, ಗುರುವನ್ನು ಹೇಳಬೇಕು, ಇಂಥ ಮೇಳದವನು ಎಂದು ಎದುರಾಳಿಯ ಕಿವಿಗೆ ಬೀಳುವಂತೆ ಸಾರಬೇಕು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಹೊರತಂದು, 1933ರಲ್ಲಿ ‘ಜೀವನ ಸಂಗೀತ’ ಎಂದು ಲಾವಣಿಗಳನ್ನು ಅಚ್ಚು ಹಾಕಿಸಿದರು. ನಮ್ಮ ಪಠ್ಯಪುಸ್ತಕಗಳು ಮೊದಲನೆಯದನ್ನು ಎತ್ತಿ ಆಡಿಸಿದಷ್ಟು ಎರಡನೆಯದನ್ನು ಆಡಿಸಲಿಲ್ಲ. ಗರತಿ ಮರ್ಯಾದಸ್ಥೆ, ಲಾವಣಿ ಜಗಳಗಂಟಿ. ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣದು. ಆ ಜಗಳಗಂಟಿಯ ಮೊಮ್ಮಗ ಈಗ ಟ್ರ್ಯಾಕ್ಟರ್ ಏರಿ ಕೂತಿದ್ದಾನೆ. ಈ ಹಾಡುಗಾರರಿಗೆ ಊರೇ ಅಡ್ಡಹೆಸರು: ಮಾಳು ನಿಪನಾಳ, ಪರಸು ಕೋಲೂರ, ಬಾಳು ಬೆಳಗುಂದಿ. ಮಾಳು ಹಾಡಿದ ಡ್ರೈವರನ ಹಾಡು ಎಷ್ಟು ಓಡಿತೆಂದರೆ, ಅದಕ್ಕೂ ಮೊದಲು ನಿಪನಾಳ ಎಂಬ ಊರಿದೆಯೆಂದೇ ಗೊತ್ತಿಲ್ಲದ ಬೆಂಗಳೂರಿನವರೂ ಅದನ್ನು ಗುನುಗಿದರು. ಅಂಕಿತದ ಕೆಲಸ ಆದ ಹಾಗೇ ಅಲ್ಲವೆ?

ಹಾಡು ಕಟ್ಟುವವರು ಹೀಗೆ ಹೆಸರು, ಊರು ಹಾಕಿ ಇದು ನಮ್ಮ ಕಸುಬು ಎಂದು ಸಾರಿ ಹೇಳುತ್ತಿದ್ದರೂ ಕೇಳುವವರು ನಂಬಲು ತಯಾರಿಲ್ಲ. ಹಾಡಿದವನಿಗೇ ಪೆಟ್ಟು ಬಿದ್ದಿರಬೇಕೆಂಬುದು ಅವರ ಹಟ. ಪಾಕಿಸ್ತಾನದ ಮಿಯಾಂವಾಲಿ ಕಡೆಯ ಅತಾವುಲ್ಲಾ ಖಾನ್ ಈಸಾಖೇಲ್ವಿಯ ಕತೆ ಕ್ಯಾಸೆಟ್ ಕಾಲದವರಿಗೆ ನೆನಪಿರಬಹುದು. ಮೋಸ ಮಾಡಿದ ಪ್ರೇಯಸಿಯನ್ನು ಕೊಂದು ಜೈಲು ಸೇರಿದ್ದಾನೆ, ಗಲ್ಲಿಗೆ ಹೋಗುವ ಮುಂಚೆ ಹಾಡಿದ ಹಾಡುಗಳಿವು ಎಂದು ಭಾರತದಲ್ಲೆಲ್ಲ ಸುದ್ದಿ ಹಬ್ಬಿತ್ತು. ಎಲ್ಲ ಶುದ್ಧ ಸುಳ್ಳು. ಮನುಷ್ಯ ಆರಾಮಾಗಿ ಹಾಡಿಕೊಂಡಿದ್ದರು. ಗುಲ್ಶನ್ ಕುಮಾರ್ ಆ ಸುಳ್ಳನ್ನೇ ಹೆಚ್ಚುಕಡಿಮೆ ಕತೆ ಮಾಡಿ 1995ರಲ್ಲಿ ‘ಬೇವಫಾ ಸನಮ್’ ತೆಗೆದರು, ಅತಾವುಲ್ಲಾರ ಹಾಡುಗಳನ್ನು ಸೋನು ನಿಗಮ್ ಹಿಂದಿಯಲ್ಲಿ ಹಾಡಿ ಹೆಸರಾದರು.

ನಮ್ಮ ಸ್ಟುಡಿಯೊದ ಹಾಡುಗಾರನಿಗೂ ಇದೇ ಕಾಟ. ರಸಮಂಜರಿ ಮುಗಿಸಿ ಸ್ಟೇಜ್ ಇಳಿದರೆ ಹುಡುಗರು ಹೆಗಲ ಮೇಲೆ ಕೈ ಹಾಕಿ, ‘ಯಾವೂರಾಕಿ ಅಣ್ಣಾ?’ ಎಂದು ಕೇಳುತ್ತಾರಂತೆ. ಗಾಜಿನ ಆಚೆ ಅವನು ಗಂಟಲು ಬಿಗಿಹಿಡಿದು, ನೋಡುವವರಿಗೆ ಕರುಳು ಚುರುಕ್ ಅನ್ನುವಂತೆ ಹಾಡುತ್ತಿದ್ದ. ಟ್ರ್ಯಾಕ್ಟರೊಂದು ಹಾಯುವ ಬಿಡುವಿನಲ್ಲಿ ಅವನ ಫೋನು ಹೊಡೆದುಕೊಂಡಿತು. ವಿಡಿಯೊ ಕಾಲ್‌ನಲ್ಲಿ ಮೂರು ವರ್ಷದ ಮಗಳು. ‘ಬರ್ತೀನವ್ವಾ. ಇನ್ನೊಂದ್ ಚರಣ ಅಳೂದೈತಿ, ಮುಗಿಸಿ ಬರ್ತೀನಿ’ ಎಂದು ಹೇಳಿ ಫೋನಿಟ್ಟು ಹೆಡ್‌ಫೋನ್ ಹಾಕಿಕೊಂಡ. ಮುಂದಿನ ಟೇಕ್ ಅಂದಿನದರಲ್ಲೆಲ್ಲ ಚೆನ್ನಾಗಿ ಬಂತು. ಕುರ್ಚಿಯ ಹುಡುಗ ಕಣ್ಣೊರೆಸಿಕೊಂಡ. ತನ್ನ ಕತೆಯನ್ನು ಬೇರೆಯವನ ಬಾಯಲ್ಲಿ, ಪ್ರಾಸದ ಸಮೇತ ಕೇಳಿದ್ದಕ್ಕೋ ಏನೋ, ಅವನ ಮುಖದಲ್ಲಿ ಆಗ ಸಮಾಧಾನವೂ ಇತ್ತು.

ಸಿನಿಮಾದವರ ವಿರಹ ಗೊತ್ತೇ ಇದೆ. ಆರ್ಕೆಸ್ಟ್ರಾ ಭಾಷೆಯ ‘ಪ್ಯಾಥೋ’ ಹಾಡಿನ ದೊಡ್ಡ ಪರಂಪರೆ, ಗಡ್ಡ, ಶಾಲು, ಬಾಟಲಿ. 1998ರಲ್ಲಿ ಉಪೇಂದ್ರ ‘ಎ’ ಚಿತ್ರದಲ್ಲಿ ಅಳುವ ಪ್ರೇಮಿಯನ್ನು ಬಯ್ಯುವ ಪ್ರೇಮಿಯಾಗಿ ಮಾಡಿದರು. ಗುರುಕಿರಣ್ ಸಂಗೀತ ನಿರ್ದೇಶಕರಾದದ್ದು ಅದರಿಂದಲೇ. 2006ರ ಕೊನೆಗೆ ಬಂದ ‘ಮುಂಗಾರು ಮಳೆ’ ಬಯ್ಗುಳ ಕಿತ್ತುಕೊಂಡು ಮಳೆ ಕೊಟ್ಟಿತು. 2011ರ ನವೆಂಬರಿನಲ್ಲಿ ಧನುಷ್, ಅನಿರುದ್ಧ್ ಜೋಡಿ ತಮಿಳಿನಿಂದ ‘ಕೊಲವೆರಿ’ ಬಿಟ್ಟು, ಪ್ರೀತಿಯಲ್ಲಿ ಸೋತವನು ತನ್ನನ್ನೇ ಗೇಲಿ ಮಾಡಿಕೊಳ್ಳಬಹುದೆಂದು ತೋರಿಸಿತು. ಎಲ್ಲ ಸರಿ. ಆದರೆ ಈ ನಾಯಕರಲ್ಲಿ ಒಬ್ಬನಾದರೂ ಸೊಸೈಟಿ ಸಾಲದ ಮಾತೆತ್ತಿದ್ದಾನೆಯೆ? ಡಿಜೆ ಜಾನಪದದ ಹುಡುಗ ಎತ್ತುತ್ತಾನೆ, ನನ್ನ ಮೆಚ್ಚುಗೆ ಇರುವುದು ಇಲ್ಲಿ. ಒಕ್ಕಲುತನದ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ ಎಂಬುದು ಇಡೀ ರಾಜ್ಯದ ಮಾತು. 2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ಅವಿವಾಹಿತ ರೈತರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಮಾಡಿದರು. ದಕ್ಷಿಣದವರು ಮಾದಪ್ಪನಿಗೆ ಹೇಳಿಕೊಂಡದ್ದನ್ನು ಉತ್ತರದವರು ಮೈಕಿನಲ್ಲಿ ಹೇಳುತ್ತಿದ್ದಾರೆ. ಯಾವ ಸಮೀಕ್ಷೆಯೂ ಹೇಳದಷ್ಟು ನಿಖರವಾಗಿ ಊರಿನ ಮದುವೆ ಮಾರುಕಟ್ಟೆಯ ದರ ಈ ಹಾಡುಗಳಲ್ಲಿ ಸಿಗುತ್ತದೆ.

ನನ್ನ ತಕರಾರು ಇರುವುದೂ ಇಲ್ಲೇ. ಲೆಕ್ಕವೆಲ್ಲ ಹೊಲದ್ದು, ನೌಕರಿಯದು, ಬಂಗಾರದ್ದು. ಬೈಗುಳ ಮಾತ್ರ ಹುಡುಗಿಗೆ. ಸಂಬಂಧ ನೋಡಿದವನು ಅಪ್ಪ, ಒಪ್ಪಿದವರು ಹಿರಿಯರು, ಬಂಗಾರ ತೂಗಿದವನು ಅಕ್ಕಸಾಲಿಗ. ‘ಮೋಸ ಮಾಡಿದಿ ಗೆಳತಿ’ ಎನ್ನುವ ಮಾತು ಮಾತ್ರ ಅವಳ ಪಾಲಿಗೆ. ಅವಳನ್ನು ಯಾರಾದರೂ ಕೇಳಿದ್ದರೆ?

ಇದೇ ನೆಲದಲ್ಲಿ ಕೇಳುತ್ತಿದ್ದರು. ಗೀಗೀ ಮೇಳಗಳ ಹರದೇಶಿ–ನಾಗೇಶಿ ನೋಡಿದವರಿಗೆ ಹೇಳಬೇಕಿಲ್ಲ. ಮರಾಠಿ ಸೀಮೆಯ ಕಲ್ಗಿ–ತುರಾಯಿಯ ಜೊತೆಗೇ ಬೆಳೆದ ಈ ವಾದದ ಹಾಡಿನಲ್ಲಿ ಹರದೇಶಿಯವರು ಗಂಡು ಹೆಚ್ಚು, ಶಿವ ಹೆಚ್ಚು ಎಂದು ಹಾಡಿದರೆ, ನಾಗೇಶಿಯವರು ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಎಂದು ತಿರುಗೇಟು ಕೊಡಬೇಕು. ಒಂದು ಕಡೆ ಗಂಡಸರ ಮೇಳ, ಇನ್ನೊಂದು ಕಡೆ ಹೆಣ್ಣುಮಕ್ಕಳ ಮೇಳ. ದಪ್ಪು, ತುಂತುಣಿ, ತಾಳ, ಹಿಂದಿನಿಂದ ಗೀಯ ಗೀಯ ಎಂಬ ಸೊಲ್ಲು. ಜಾತ್ರೆಯ ರಾತ್ರಿ ಶುರುವಾದರೆ ಬೆಳಕು ಹರಿಯುವವರೆಗೆ ಸವಾಲು, ಜವಾಬು. ಪುರಾಣದಲ್ಲಿ ಶುರುವಾದ ವಾದ ನಡುರಾತ್ರಿ ಹೊತ್ತಿಗೆ ಅಡುಗೆಮನೆಗೂ ಹೊಲಕ್ಕೂ ಬರುತ್ತದೆ. ಹೊಲ ನನ್ನದು ಎಂದ ಗಂಡಿಗೆ, ಅದರಲ್ಲಿ ಬಾಗಿ ಕಳೆ ತೆಗೆಯುವವರು ಯಾರು ಎಂದು ನಾಗೇಶಿಯವಳು ದಪ್ಪು ಬಡಿದು ಕೇಳಿದರೆ ಹೆಂಗಸರ ಸಾಲಿನಿಂದ ಬರುವ ನಗೆಯೇ ಬೇರೆ. ಇಬ್ಬರೂ ಕಸುಬಿನವರು, ಇಬ್ಬರಿಗೂ ವೀಳ್ಯ. ಗಂಡಿನ ಬಾಯಿ ಎಷ್ಟೇ ಜೋರಿರಲಿ, ಎದುರು ಕೂತವಳ ಸರದಿ ಬಂದೇ ಬರುತ್ತಿತ್ತು.

ಡಿಜೆ ಜಾನಪದದಲ್ಲಿ ಹೆಣ್ಣು ದನಿ ಇಲ್ಲವೆಂದಲ್ಲ. ಜೋಡಿ ಹಾಡುಗಳಿವೆ, ಗಟ್ಟಿ ಕಂಠದ ಗಾಯಕಿಯರೂ ಇದ್ದಾರೆ. ಆದರೆ ಅವರ ಬಾಯಿಗೆ ಮಾತು ಹಾಕುವವರು ಹೆಚ್ಚಾಗಿ ಗಂಡಸರೇ. ಅವಳು ಬಂದು ತಪ್ಪಾಯಿತೆಂದೋ, ಮನೆಯವರ ಒತ್ತಾಯವೆಂದೋ ಅತ್ತು ಹೋಗುತ್ತಾಳೆ. ಜಗಳ ಮಾಡುವುದಿಲ್ಲ.

ಇಳಿಯುವ ಮುಂಚೆ ಮೇಷ್ಟ್ರನ್ನು ಕೇಳಿದೆ: ಹುಡುಗಿಯ ಕಡೆಯಿಂದ ಒಂದು ಜವಾಬು ಬರೆಯಬಾರದೆ? ಅವರಿಗೆ ಪ್ರಶ್ನೆ ಹೊಸದೇನಲ್ಲ. ‘ಬರೀಬಹುದ್ರಿ ಸರ, ಭಾಳ ಚಲೋ ಬರೀಬಹುದು. ನಮ್ಮವ್ವ ನಾಗೇಶಿ ಪದ ಕೇಳಾಕ ಹರದಾರಿ ನಡದು ಹೋಗತಿದ್ಲು. ಹಾಡವ್ರೂ ಅದಾರ. ಬರಸಾಕ ಯಾರೂ ಬಂದಿಲ್ಲ ನೋಡ್ರಿ.’

ಬರುವುದೂ ಕಷ್ಟ. ಪ್ರೀತಿಯಲ್ಲಿ ಪೆಟ್ಟು ತಿಂದ ಹುಡುಗ ದೋಸ್ತನನ್ನು ಕರೆದುಕೊಂಡು, ಟ್ರ್ಯಾಕ್ಟರ್ ಹೊಡೆದು ಗಳಿಸಿದ ರೊಕ್ಕ ಹಿಡಿದು ಆ ಮೆಟ್ಟಿಲು ಹತ್ತಬಹುದು. ಪೆಟ್ಟು ತಿಂದ ಹುಡುಗಿ ಹತ್ತಿದರೆ ಅವಳು ಇಳಿಯುವಷ್ಟರಲ್ಲಿ ಊರು ಬೇರೆಯೇ ಹಾಡು ಕಟ್ಟಿರುತ್ತದೆ. ಹಾಗಾಗಿ ಅವಳು ಬರಲೆಂದು ಕಾಯುವುದು ದಂಡ. ರಸಮಂಜರಿಗೆ ವೀಳ್ಯ ಕೊಡುವ ಜಾತ್ರೆ ಕಮಿಟಿಯವರು ಮನಸ್ಸು ಮಾಡಬೇಕು. ಒಂದು ರಾತ್ರಿ, ಒಂದೇ ಸ್ಟೇಜ್, ಈ ಕಡೆ ಫೀಲಿಂಗ್ ಸಾಂಗಿನ ಹುಡುಗರು, ಆ ಕಡೆ ತಾವೇ ಪದ ಕಟ್ಟುವ ಹೆಣ್ಣುಮಕ್ಕಳು, ಇಬ್ಬರಿಗೂ ಅಷ್ಟೇ ಬಾಕ್ಸು, ಅಷ್ಟೇ ಬೇಸು. ಅಂಕಿತ ಯಾವ ಊರಿನದಾದರೂ ಆಗಲಿ. ಇದು ಯಾರನ್ನೋ ಉದ್ಧಾರ ಮಾಡುವ ಮಾತಲ್ಲ. ಜಗಳ ಚೆನ್ನಾಗಿದ್ದರೆ ಜನ ಎದ್ದು ಹೋಗುವುದಿಲ್ಲ ಎಂಬುದು ಲಾವಣಿಯವರು ನೂರು ವರ್ಷದ ಹಿಂದೆಯೇ ಕಂಡುಕೊಂಡ ವ್ಯಾಪಾರ. ಟಿಕೆಟ್ ಇಟ್ಟರೂ ಮುಂದಿನ ಸಾಲಿಗೆ ನನ್ನದೊಂದು ಇರಲಿ.