ಹಳೇ ಪಿಕಪ್‌ನಲ್ಲಿ ಶಬ್ದ ಬರ್ತಾ ಇದೆಯೇ? ಗ್ಯಾರೇಜಿಗೆ ಹೋಗುವ ಮುನ್ನ ಇಷ್ಟು ನೋಡಿ

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾ ಇರಲಿ, ಮಸ್ಕತ್‌ನ ವಾದಿ ಕಬೀರ್ ಇರಲಿ, ಗ್ಯಾರೇಜಿಗೆ ಹೋಗಿ "ಗಾಡಿ ಮೇಂ ಆವಾಜ್ ಆ ರಹಾ ಹೈ" ಎಂದಷ್ಟೇ ಹೇಳಿದರೆ ಕೆಲಸ ಆಗುತ್ತದೆ, ಆದರೆ ದುಬಾರಿಯಾಗುತ್ತದೆ. ಮೊದಲು ಬೇರಿಂಗ್ ಬದಲಿಸುತ್ತಾರೆ. ಶಬ್ದ ಹೋಗದಿದ್ದರೆ ಶಾಫ್ಟ್, ಅದೂ ಅಲ್ಲದಿದ್ದರೆ ಡಿಫರೆನ್ಷಿಯಲ್. ಪ್ರತಿ ಸಲ ಬಿಲ್ ಬೇರೆ, ಗಾಡಿ ನಿಂತ ದಿನದ ಬಾಡಿಗೆ ನಷ್ಟ ಬೇರೆ. ಮೆಕ್ಯಾನಿಕ್ ಮೋಸಗಾರ ಅಂತಲ್ಲ. ಶಬ್ದ ಯಾವಾಗ ಬರುತ್ತದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಅದು ಗೊತ್ತಿರುವುದು ದಿನಾ ಓಡಿಸುವ ಡ್ರೈವರ್‌ಗೆ ಮಾತ್ರ.

ಮೊದಲ ಪರೀಕ್ಷೆಗೆ ಖರ್ಚೇ ಇಲ್ಲ. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿ. ಶಬ್ದ ಬಂದರೆ ಎಂಜಿನ್ ಕಡೆಯದು. ಬಾರದಿದ್ದರೆ ಖಾಲಿ ನೇರ ರಸ್ತೆಯಲ್ಲಿ 60ರ ವೇಗದಲ್ಲಿ ಹೋಗುತ್ತಾ ಸ್ವಲ್ಪ ಹೊತ್ತು ನ್ಯೂಟ್ರಲ್‌ಗೆ ಹಾಕಿ (ಮ್ಯಾನ್ಯುಯಲ್ ಗೇರ್ ಆದರೆ ಮಾತ್ರ, ಕೀ ಆಫ್ ಮಾಡಲೇಬಾರದು, ಸ್ಟೇರಿಂಗ್ ಲಾಕ್ ಆದೀತು). ಆಗಲೂ ಶಬ್ದ ಮುಂದುವರಿದು, ಗಾಡಿ ನಿಧಾನವಾದಂತೆ ಅದೂ ಇಳಿದರೆ ತೊಂದರೆ ಟೈರ್, ವೀಲ್ ಬೇರಿಂಗ್ ಅಥವಾ ಶಾಫ್ಟ್ ಕಡೆ ಇದೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಕುಂಯ್‌ಗುಟ್ಟಿದರೆ ಹಿಂದಿನ ಡಿಫರೆನ್ಷಿಯಲ್ ನೋಡಿಸಬೇಕು. ಅದರ ಆಯಿಲ್ ಮಟ್ಟ ಮೊದಲು.

ಗುಂಯ್ ಎನ್ನುವ ಶಬ್ದ ರಸ್ತೆಯ ಡಾಂಬರು ಬದಲಾದಾಗ ಬದಲಾದರೆ ಟೈರ್ ಮೇಲೆ ಅನುಮಾನಪಡಿ. ಟೈರ್ ಮೇಲೆ ಅಂಗೈ ಸವರಿದರೆ ಏರುತಗ್ಗು ಗೊತ್ತಾಗುತ್ತದೆ. ಬಲಕ್ಕೆ ತಿರುಗಿಸುವಾಗ ಗುಂಯ್ ಜಾಸ್ತಿಯಾದರೆ ಭಾರ ಎಡಕ್ಕೆ ಬಿದ್ದಿರುತ್ತದೆ, ಹಾಗಾಗಿ ಹೆಚ್ಚಾಗಿ ಎಡ ಬೇರಿಂಗ್. ಆದರೂ ಜಾಕ್ ಹಾಕಿ ಚಕ್ರ ಅಲುಗಾಡಿಸಿ, ತಿರುಗಿಸಿ ನೋಡದೆ ಬೇರಿಂಗ್ ಖರೀದಿಸಬೇಡಿ.

ಹಳೇ ಪಿಕಪ್‌ಗಳಲ್ಲಿ ಹೆಚ್ಚು ಜನ ಕಡೆಗಣಿಸುವುದು ಪ್ರೊಪೆಲರ್ ಶಾಫ್ಟ್‌ನ ಕ್ರಾಸ್. ಮರಳು, ಧೂಳಿಗೆ ಗ್ರೀಸ್ ಒಣಗಿ ಒಳಗಿನ ಸಣ್ಣ ಸೂಜಿ ಬೇರಿಂಗ್‌ಗಳು ತುಕ್ಕು ಹಿಡಿಯುತ್ತವೆ. ಮೊದಲು ನಿಧಾನವಾಗಿ ಹೋಗುವಾಗ ಹಕ್ಕಿ ಕೂಗಿದ ಹಾಗೆ ಕೀಚ್ ಕೀಚ್. ಆಮೇಲೆ ರಿವರ್ಸ್‌ನಿಂದ ಫಸ್ಟ್‌ಗೆ ಹಾಕಿ ಕ್ಲಚ್ ಬಿಟ್ಟಾಗ ಅಡಿಯಲ್ಲಿ "ಟಣ್". ಕೊನೆಗೆ ವೇಗದಲ್ಲಿ ನಡುಕ. ಇದನ್ನೂ ಬಿಟ್ಟರೆ ಕ್ರಾಸ್ ಮುರಿದು ಶಾಫ್ಟ್ ರಸ್ತೆಗೆ ಬೀಳಬಹುದು. ಹೈವೇಯಲ್ಲಿ ಹಿಂದೆ ಬರುವವರಿಗೂ ಅಪಾಯ. ನೋಡುವುದು ಕಷ್ಟವಲ್ಲ: ಸಮತಟ್ಟು ಜಾಗ, ಎಂಜಿನ್ ಆಫ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಎರಡೂ ಕಡೆ ಕಲ್ಲು, ಗೇರ್ ನ್ಯೂಟ್ರಲ್. ಸೈಲೆನ್ಸರ್ ತಣ್ಣಗಾದ ಮೇಲೆ ಶಾಫ್ಟನ್ನು ಕೈಯಲ್ಲಿ ಆಚೀಚೆ ತಿರುಚಿ. ಡಿಫರೆನ್ಷಿಯಲ್‌ನ ಸ್ವಲ್ಪ ಆಟ ಸಹಜ, ಆದರೆ ಕ್ರಾಸ್‌ನಲ್ಲೇ ಆಟ ಇದ್ದರೆ, ಕಪ್ ಸುತ್ತ ಕೆಂಪು ತುಕ್ಕಿನ ಪುಡಿ ಇದ್ದರೆ ಬದಲಿಸಬೇಕು. ಇಡೀ ಶಾಫ್ಟ್ ಬೇಕಾಗಿಲ್ಲ, ಕ್ರಾಸ್ ಮಾತ್ರ ಸಿಗುತ್ತದೆ. ನಿಪ್ಪಲ್ ಇರುವ ಕ್ರಾಸ್ ಕೇಳಿ ಹಾಕಿಸಿ, ಆಯಿಲ್ ಬದಲಿಸುವಾಗಲೆಲ್ಲ ಗ್ರೀಸ್ ಹೊಡೆಸಿ. ಉದ್ದ ಚಾಸಿಯ ಗಾಡಿಯಲ್ಲಿ ಶಾಫ್ಟ್ ಎರಡು ತುಂಡಾಗಿದ್ದರೆ ನಡುವಿನ ಸೆಂಟರ್ ಬೇರಿಂಗ್‌ನ ರಬ್ಬರ್ ಕೂಡ ನೋಡಲಿ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ, ಎಸಿ ಹಾಕಿದಾಗ ಕಿರ್ರ್ ಅನ್ನುವುದು ಹೆಚ್ಚಾಗಿ ಬೆಲ್ಟ್. ಅದು ಎರಡು ದಿನ ತಡೆದೀತು. ತಡೆಯದೇ ಇರುವುದು ಎರಡು: ಬ್ರೇಕ್ ಒತ್ತಿದಾಗ ಕಬ್ಬಿಣ ಉಜ್ಜಿದ ಶಬ್ದ, ಮತ್ತು ಎಂಜಿನ್ ಒಳಗಿನಿಂದ ಸುತ್ತಿಗೆಯ ಪೆಟ್ಟಿನಂಥ ಶಬ್ದದ ಜೊತೆ ಆಯಿಲ್ ಲೈಟ್. ಅಲ್ಲೇ ಸುರಕ್ಷಿತವಾಗಿ ಸೈಡಿಗೆ ಹಾಕಿ ರಿಕವರಿ ಕರೆಸಿ. ರಿಕವರಿ ಖರ್ಚು ಎಂಜಿನ್ ಖರ್ಚಿನ ಮುಂದೆ ಏನೂ ಅಲ್ಲ.

ಗಾಡಿ ಕಂಪನಿಯದಾದರೆ ಶಬ್ದ ಶುರುವಾದ ದಿನವೇ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ, ಕಿಲೋಮೀಟರ್ ಮೀಟರ್‌ನ ಫೋಟೊ ಸಮೇತ ಸೂಪರ್‌ವೈಸರ್‌ಗೆ ವಾಟ್ಸಾಪ್ ಮಾಡಿ. ನಾಳೆ "ನೀನೇ ಹಾಳು ಮಾಡಿದ್ದು" ಅಂತ ಸಂಬಳಕ್ಕೆ ಕೈ ಹಾಕಲು ಬಂದರೆ ಬಾಯಿಮಾತು ನಿಲ್ಲುವುದಿಲ್ಲ, ತಾರೀಖಿರುವ ಮೆಸೇಜ್ ನಿಲ್ಲುತ್ತದೆ. ಸ್ವಂತ ಗಾಡಿಯಾದರೆ ಬಿಚ್ಚಿದ ಹಳೇ ಪಾರ್ಟ್ ಕೇಳಿ ನೋಡಿ, ಬಿಲ್‌ನಲ್ಲಿ ಪಾರ್ಟ್ ಮತ್ತು ಕೂಲಿ ಬೇರೆಬೇರೆ ಬರೆಸಿ, ಮುಲ್ಕಿಯಾ ಜೊತೆ ಇಡಿ.